ಮೋಟಾರು ಗಾಡಿಯ ಸ್ಟಾರ್ಟರು ಮತ್ತು ಸೆನ್ಸಾರುಗಳು: ಮನೆಯಲ್ಲಿಯೇ ಪರೀಕ್ಷಿಸಿ ಬದಲಾಯಿಸುವ ಕ್ರಮ

ಒಕ್ಕಲುತನದ ಮನೆಗಳಲ್ಲಿ ಹಿಂದೆ ಎತ್ತಿನ ಗಾಡಿಗೆ ಇದ್ದ ಸ್ಥಾನವು ಈಗ ಬಹುಮಟ್ಟಿಗೆ ಮೋಟಾರು ಗಾಡಿಗೆ ಸಂದಿರುತ್ತದೆ. ತರಕಾರಿಯ ಬುಟ್ಟಿಗಳನ್ನು ಬೆಳಗಿನ ಜಾವಕ್ಕೆ ಮಾರುಕಟ್ಟೆಗೆ ಮುಟ್ಟಿಸುವುದಕ್ಕೂ, ಬೀಜ ಗೊಬ್ಬರಗಳನ್ನು ಸಹಕಾರ ಸಂಘದಿಂದ ತರುವುದಕ್ಕೂ, ಅಪರಾತ್ರಿಯಲ್ಲಿ ಹೆರಿಗೆಯ ಹೆಂಗಸನ್ನಾಗಲಿ ಹಾವು ಕಚ್ಚಿದವನನ್ನಾಗಲಿ ತಾಲ್ಲೂಕು ಆಸ್ಪತ್ರೆಗೆ ಸಾಗಿಸುವುದಕ್ಕೂ ಅನೇಕ ಹಳ್ಳಿಗಳಲ್ಲಿ ಒಂದೆರಡು ಕಾರು, ಜೀಪು, ಪಿಕಪ್ ಗಾಡಿಗಳೇ ಆಧಾರವಾಗಿರುತ್ತವೆ. ಇಂಥ ಗಾಡಿಯು ಬೇಕಾದ ಹೊತ್ತಿಗೆ ಹೊರಡದೆ ನಿಂತುಬಿಟ್ಟರೆ ಆಗುವ ನಷ್ಟವು ಅದರ ಯಜಮಾನನೊಬ್ಬನದೇ ಅಲ್ಲ, ಊರಿಗೆಲ್ಲಾ ಸೇರಿದ್ದು.

ಗಾಡಿಯು ಹೊರಡದಿರುವುದಕ್ಕೆ ಕಾರಣಗಳು ಹಲವಾದರೂ ಅವುಗಳನ್ನು ಎರಡು ಬಗೆಯಾಗಿ ವಿಂಗಡಿಸಬಹುದು. ಬೀಗದ ಕೈಯನ್ನು ತಿರುಗಿಸಿದಾಗ ಇಂಜಿನು ತಿರುಗದೆ ಇರುವುದು ಒಂದು; ಇಂಜಿನು ಚೆನ್ನಾಗಿ ತಿರುಗಿಯೂ ಹತ್ತಿಕೊಳ್ಳದೆ ಇರುವುದು ಮತ್ತೊಂದು. ಮೊದಲನೆಯದರಲ್ಲಿ ಸಂದೇಹವು ಬ್ಯಾಟರಿ, ತಂತಿ, ಸ್ಟಾರ್ಟರುಗಳ ಮೇಲೆ ಬೀಳುತ್ತದೆ. ಎರಡನೆಯದರಲ್ಲಿ ಎಣ್ಣೆ, ಕಿಡಿ, ಸೆನ್ಸಾರುಗಳ ಮೇಲೆ ಬೀಳುತ್ತದೆ. ಈ ಭೇದವನ್ನು ಅರಿಯದೆ, ಯಾರೋ ಹೇಳಿದರೆಂದು ಹೊಸ ಸ್ಟಾರ್ಟರನ್ನೋ ಹೊಸ ಸೆನ್ಸಾರನ್ನೋ ತಂದು ಹಾಕಿ, ಸಾವಿರಾರು ರೂಪಾಯಿ ತೆತ್ತ ಮೇಲೆಯೂ ಗಾಡಿ ಇದ್ದಲ್ಲಿಯೇ ಇರುವುದನ್ನು ಕಾಣುವವರು ಬಹು ಮಂದಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಎಂಬ ಗಾದೆಯು ಈ ಕೆಲಸದಲ್ಲಿ ಅಕ್ಷರಶಃ ಸಲ್ಲುತ್ತದೆ. ಆದಕಾರಣ ಮೊದಲು ಪರೀಕ್ಷೆ, ತರುವಾಯ ಬದಲಾವಣೆ ಎಂಬುದನ್ನೇ ನಿಯಮವಾಗಿಟ್ಟುಕೊಂಡು ಕೆಳಗಿನ ಸಂಗತಿಗಳನ್ನು ವಿವರಿಸಲಾಗಿದೆ.

ಸ್ಟಾರ್ಟರಿನ ಸ್ವರೂಪ

ಮೋಟಾರು ಗಾಡಿಗಳು ಬಂದ ಮೊದಲಲ್ಲಿ ಇಂಜಿನಿನ ಮುಂದೆ ಕಬ್ಬಿಣದ ಹಿಡಿಕೆಯನ್ನು ಸಿಕ್ಕಿಸಿ ಕೈಯಿಂದಲೇ ತಿರುಗಿಸಬೇಕಾಗಿದ್ದಿತು. ಇಂಜಿನು ಹಿಂದಕ್ಕೆ ಒದೆದರೆ ಹಿಡಿಕೆಯು ರಭಸದಿಂದ ತಿರುಗಿ ಕೈಮೂಳೆ ಮುರಿಯುತ್ತಿದ್ದುದುಂಟು. ಅಮೆರಿಕಾ ದೇಶದ ಓಹಾಯೋ ಪ್ರಾಂತದ ಡೇಟನ್ ಪಟ್ಟಣದ ಚಾರ್ಲ್ಸ್ ಕೆಟ್ಟರಿಂಗ್ ಎಂಬಾತನು ಇದಕ್ಕೆ ಪರಿಹಾರವಾಗಿ ವಿದ್ಯುತ್ ಸ್ಟಾರ್ಟರನ್ನು ಸಿದ್ಧಪಡಿಸಿದನು. ಅದು ೧೯೧೨ನೆಯ ಇಸವಿಯ ಕ್ಯಾಡಿಲಾಕ್ ಗಾಡಿಗಳಲ್ಲಿ ಬಳಕೆಗೆ ಬಂದಿತು. ಇಂದಿನ ಸ್ಟಾರ್ಟರಿನ ಮೂಲತತ್ವವೂ ಅದೇ ಆಗಿರುತ್ತದೆ.

ಸ್ಟಾರ್ಟರಿನಲ್ಲಿ ಎರಡು ಅಂಗಗಳುಂಟು. ದೊಡ್ಡದು ಮೋಟಾರು, ಅದರ ಬೆನ್ನ ಮೇಲೆ ಕುಳಿತಿರುವ ಸಣ್ಣ ಉರುಳೆಯು ಸೊಲೆನಾಯ್ಡು. ಬೀಗದ ಕೈಯನ್ನು ತಿರುಗಿಸಿದಾಗ ಸಣ್ಣ ತಂತಿಯೊಂದರ ಮೂಲಕ ಸೊಲೆನಾಯ್ಡಿಗೆ ವಿದ್ಯುತ್ತು ಬಂದು, ಅದು ಅಯಸ್ಕಾಂತವಾಗಿ ಒಳಗಿನ ಸಲಾಕೆಯನ್ನು ಎಳೆಯುತ್ತದೆ. ಈ ಒಂದೇ ಎಳೆತದಿಂದ ಎರಡು ಕೆಲಸಗಳು ನಡೆಯುತ್ತವೆ. ಸ್ಟಾರ್ಟರಿನ ಸಣ್ಣ ಹಲ್ಲುಗಾಲಿಯು ಮುಂದೆ ಸರಿದು ಇಂಜಿನಿನ ದೊಡ್ಡ ಹಲ್ಲುಚಕ್ರಕ್ಕೆ ಕಚ್ಚಿಕೊಳ್ಳುತ್ತದೆ. ಒಡನೆಯೇ ತಾಮ್ರದ ಎರಡು ಮೊಳೆಗಳು ಕೂಡಿ ಬ್ಯಾಟರಿಯ ಪೂರ್ಣ ಶಕ್ತಿಯು ಮೋಟಾರಿಗೆ ಹರಿಯುತ್ತದೆ. ಸಣ್ಣ ಪೆಟ್ರೋಲು ಕಾರಿನಲ್ಲಿಯೇ ಈ ಪ್ರವಾಹವು ೧೦೦ ಆಂಪಿಯರುಗಳನ್ನು ಮೀರುವುದುಂಟು. ಡೀಸೆಲ್ ಇಂಜಿನಿಗೆ ಇದಕ್ಕಿಂತ ಬಹಳ ಹೆಚ್ಚು ಬೇಕು. ಇಷ್ಟು ದೊಡ್ಡ ಪ್ರವಾಹಕ್ಕೆ ದಾರಿಯಲ್ಲಿ ಒಂದು ಸಡಿಲ ಬೋಲ್ಟೋ ಒಂದಿಷ್ಟು ಕಿಲುಬೋ ಸಿಕ್ಕಿದರೂ ಸಾಕು, ಸ್ಟಾರ್ಟರು ಸೊರಗುತ್ತದೆ. ಕಾಲುವೆಯಲ್ಲಿ ಹೂಳು ತುಂಬಿದರೆ ಕೆರೆ ತುಂಬಿದ್ದರೂ ಕೊನೆಯ ಗದ್ದೆಗೆ ನೀರು ಏರದು, ಇದೂ ಹಾಗೆಯೇ.

ಮೊದಲು ಬ್ಯಾಟರಿಯ ಪರೀಕ್ಷೆ

ಪರೀಕ್ಷೆಗೆ ಬೇಕಾದ ಮುಖ್ಯ ಉಪಕರಣವು ಮಲ್ಟಿಮೀಟರು. ಇದು ಎಲ್ಲಾ ಪೇಟೆಗಳಲ್ಲಿಯೂ ಸ್ವಲ್ಪ ಬೆಲೆಗೆ ದೊರೆಯುತ್ತದೆ. ಗಾಡಿಯನ್ನು ರಾತ್ರಿಯೆಲ್ಲಾ ನಿಲ್ಲಿಸಿದ್ದು ಬೆಳಗ್ಗೆ ಬ್ಯಾಟರಿಯ ಎರಡು ಕಂಬಗಳ ನಡುವೆ ಅಳೆದರೆ ೧೨.೬ ವೋಲ್ಟು ತೋರಿದಲ್ಲಿ ಬ್ಯಾಟರಿಯು ತುಂಬಿದೆ ಎಂದು ತಿಳಿಯತಕ್ಕದ್ದು. ೧೨.೨ ವೋಲ್ಟು ಎಂದರೆ ಹೆಚ್ಚುಕಡಿಮೆ ಅರ್ಧ; ೧೨ ವೋಲ್ಟಿಗೂ ಕೆಳಗಿದ್ದರೆ ಬಹುಮಟ್ಟಿಗೆ ಬರಿದು. ಒಬ್ಬರು ಸ್ಟಾರ್ಟು ಮಾಡುತ್ತಿರುವಾಗ ಮತ್ತೊಬ್ಬರು ಮೀಟರನ್ನು ನೋಡುತ್ತಿರಬೇಕು. ಆಗ ವೋಲ್ಟೇಜು ೯.೬ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯು ಬರಿದಾಗಿರಬಹುದು, ಮುಪ್ಪಾಗಿರಬಹುದು, ಇಲ್ಲವೆ ಸ್ಟಾರ್ಟರು ಮಿತಿಮೀರಿ ಎಳೆಯುತ್ತಿರಬಹುದು. ಆದುದರಿಂದ ಬ್ಯಾಟರಿಯನ್ನು ಪೂರ್ಣವಾಗಿ ಚಾರ್ಜು ಮಾಡಿಸಿ ಮತ್ತೊಮ್ಮೆ ಪರೀಕ್ಷಿಸದೆ ಸ್ಟಾರ್ಟರನ್ನು ದೂರಕೂಡದು. ಇಂಜಿನು ಓಡುತ್ತಿರುವಾಗ ಸಾಮಾನ್ಯವಾಗಿ ೧೩.೮ ರಿಂದ ೧೪.೫ ವೋಲ್ಟು ಇರಬೇಕು. ಅಷ್ಟು ಇಲ್ಲದಿದ್ದರೆ ದೋಷವು ಚಾರ್ಜು ತುಂಬುವ ಆಲ್ಟರ್ನೇಟರಿನ ಕಡೆಗೆ ಇರುವುದರಿಂದ, ಹೊಸ ಬ್ಯಾಟರಿಯನ್ನು ತಂದರೂ ಅದು ನಾಲ್ಕು ದಿನಗಳಲ್ಲಿಯೇ ಬರಿದಾಗುವುದು. ಈಚಿನ ಕೆಲವು ಗಾಡಿಗಳಲ್ಲಿ ಮಾತ್ರ ಕಂಪ್ಯೂಟರೇ ಚಾರ್ಜನ್ನು ಹೆಚ್ಚು ಕಡಿಮೆ ಮಾಡುವುದರಿಂದ ಈ ಅಂಕಿಯು ಆಗಾಗ್ಗೆ ಬದಲಾಗುವುದುಂಟು.

ಬ್ಯಾಟರಿಯಿಂದ ಹೊರಡುವ ಜಲಜನಕ ವಾಯುವು ಬೆಂಕಿ ತಗುಲಿದರೆ ಸಿಡಿಯತಕ್ಕದ್ದು. ಅದರ ಬಳಿ ಬೀಡಿ ಸೇದುವುದಾಗಲಿ ಕಡ್ಡಿ ಗೀರಿ ನೋಡುವುದಾಗಲಿ ಕೂಡದು. ಕೈಯಲ್ಲಿರುವ ಉಂಗುರ, ಕಡಗ, ಕೈಗಡಿಯಾರಗಳನ್ನು ತೆಗೆದಿಟ್ಟೇ ಕೆಲಸಕ್ಕೆ ಕೈಹಾಕಬೇಕು. ಉಂಗುರವು ಸ್ಪ್ಯಾನರಿಗೂ ಕಂಬಕ್ಕೂ ನಡುವೆ ಸಿಕ್ಕಿದರೆ ಕ್ಷಣಮಾತ್ರದಲ್ಲಿ ಕೆಂಡವಾಗಿ ಬೆರಳನ್ನು ಸುಡುವುದು.

ಶಬ್ದದಿಂದ ದೋಷವನ್ನು ತಿಳಿಯುವುದು

ಅನುಭವಸ್ಥನಾದ ರೈತನು ದನದ ಮೆಲುಕನ್ನೂ ಉಸಿರನ್ನೂ ಕೇಳಿ ಅದರ ಆರೋಗ್ಯವನ್ನು ಊಹಿಸುವಂತೆ, ಸ್ಟಾರ್ಟರಿನ ಶಬ್ದದಿಂದ ಅದರ ದೋಷವನ್ನು ಊಹಿಸಬಹುದು.

೧. ಏನೂ ಶಬ್ದವಿಲ್ಲದಿರುವುದು: ಬ್ಯಾಟರಿ ಬರಿದಾಗಿರಬಹುದು. ಬ್ಯಾಟರಿ ಸರಿಯಾಗಿದ್ದರೆ ಫ್ಯೂಸು, ರಿಲೇ, ಬೀಗದ ಸ್ವಿಚ್ಚು, ಕ್ಲಚ್ಚಿನ ಅಥವಾ ನ್ಯೂಟ್ರಲಿನ ಸ್ವಿಚ್ಚು, ಸೊಲೆನಾಯ್ಡಿನ ಸಣ್ಣ ತಂತಿ ಇವುಗಳನ್ನು ನೋಡಬೇಕು.

೨. ಟಕ ಟಕ ಎಂದು ಬೇಗಬೇಗನೆ ಬಡಿಯುವುದು: ಬಹುತೇಕ ಬ್ಯಾಟರಿಯ ನಿಶ್ಶಕ್ತಿ ಅಥವಾ ಕಂಬದ ಸಡಿಲಿಕೆ.

೩. ಒಂದೇ ಸಲ ಗಟ್ಟಿಯಾಗಿ ಟಕ್ ಎಂದು ಸುಮ್ಮನಾಗುವುದು: ಸೊಲೆನಾಯ್ಡು ಎಳೆದಿದೆ, ಮೋಟಾರು ತಿರುಗಿಲ್ಲ. ತಾಮ್ರದ ಮೊಳೆಗಳು ಸವೆದಿರಬಹುದು, ಮೋಟಾರಿನ ಬ್ರಷ್ಷುಗಳು ಮುಗಿದಿರಬಹುದು, ದಪ್ಪ ತಂತಿಯು ಕಿಲುಬು ಹಿಡಿದಿರಬಹುದು.

೪. ಮೋಟಾರು ಗಿರ್ರನೆ ತಿರುಗಿಯೂ ಇಂಜಿನು ತಿರುಗದಿರುವುದು: ಹಲ್ಲುಗಾಲಿಯು ಕಚ್ಚುತ್ತಿಲ್ಲ, ಅಥವಾ ಅದರ ಒಳಗಿನ ಒಮ್ಮುಖ ಕ್ಲಚ್ಚು ಜಾರುತ್ತಿದೆ.

೫. ಕರಕರ ಎಂದು ಅರೆಯುವುದು: ಹಲ್ಲುಗಳು ಸವೆದಿವೆ, ಅಥವಾ ಸ್ಟಾರ್ಟರಿನ ಬೋಲ್ಟುಗಳು ಸಡಿಲವಾಗಿವೆ. ಹೀಗಾದಾಗ ಕೂಡಲೆ ನಿಲ್ಲಿಸಬೇಕು. ಯಾತಕ್ಕೆಂದರೆ, ಇಂಜಿನಿನ ದೊಡ್ಡ ಹಲ್ಲುಚಕ್ರವು ಹಾಳಾದರೆ ಗೇರುಪೆಟ್ಟಿಗೆಯನ್ನೇ ಇಳಿಸಬೇಕಾಗುತ್ತದೆ.

ಯಾವ ಸಂದರ್ಭದಲ್ಲಿಯೂ ಒಂದೇ ಸಮನೆ ೧೦ ಸೆಕೆಂಡುಗಳಿಗಿಂತ ಹೆಚ್ಚು ಕಾಲ ಸ್ಟಾರ್ಟರನ್ನು ತಿರುಗಿಸಕೂಡದು. ಒಂದು ಸಲಕ್ಕೂ ಮತ್ತೊಂದು ಸಲಕ್ಕೂ ನಡುವೆ ಒಂದೆರಡು ನಿಮಿಷಗಳ ವಿಶ್ರಾಂತಿಯನ್ನು ಕೊಡತಕ್ಕದ್ದು. ಒಳ್ಳೆಯ ಸ್ಟಾರ್ಟರುಗಳು ಕೂಡ ಈ ಎಚ್ಚರವಿಲ್ಲದೆ ಸುಟ್ಟುಹೋಗುವುದುಂಟು.

ತಂತಿಗಳ ಪರೀಕ್ಷೆ

ಬ್ಯಾಟರಿ ಸರಿಯಾಗಿದ್ದು ಸ್ಟಾರ್ಟರು ನಿಧಾನವಾಗಿ ತಿರುಗುತ್ತಿದ್ದರೆ, ಸ್ಟಾರ್ಟರನ್ನು ಬಿಚ್ಚುವುದಕ್ಕೆ ಮೊದಲು ತಂತಿಗಳನ್ನು ಪರೀಕ್ಷಿಸಬೇಕು. ಮೀಟರಿನ ಒಂದು ಮುಳ್ಳನ್ನು ಬ್ಯಾಟರಿಯ ಧನಕಂಬಕ್ಕೂ ಮತ್ತೊಂದನ್ನು ಸ್ಟಾರ್ಟರಿಗೆ ದಪ್ಪ ತಂತಿ ಸೇರುವ ಬೋಲ್ಟಿಗೂ ಒತ್ತಿ ಹಿಡಿದು, ಮತ್ತೊಬ್ಬರಿಂದ ಬೀಗದ ಕೈಯನ್ನು ತಿರುಗಿಸಿಸಬೇಕು. ಆಗ ಮೀಟರು ಅರ್ಧ ವೋಲ್ಟಿಗಿಂತ ಹೆಚ್ಚು ತೋರಿದರೆ ಆ ತಂತಿಯಲ್ಲಿ ಶಕ್ತಿಯು ವ್ಯರ್ಥವಾಗುತ್ತಿದೆ ಎಂದರ್ಥ. ಅದೇ ರೀತಿ ಬ್ಯಾಟರಿಯ ಋಣಕಂಬಕ್ಕೂ ಸ್ಟಾರ್ಟರಿನ ಕಬ್ಬಿಣದ ಮೈಗೂ ನಡುವೆ ಅಳೆಯಬೇಕು, ಇಲ್ಲಿ ೦.೩ ವೋಲ್ಟನ್ನು ಮೀರಬಾರದು. ಮೀರಿದಲ್ಲಿ ಸಂಬಂಧಪಟ್ಟ ಬೋಲ್ಟುಗಳನ್ನು ಬಿಚ್ಚಿ, ಉಪ್ಪುಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಬಿಗಿದರೆ ಅನೇಕ ಸಂದರ್ಭಗಳಲ್ಲಿ ಬೇನೆಯು ಅಲ್ಲಿಗೇ ಮುಗಿಯುತ್ತದೆ. ಮಲೆನಾಡಿನ ಮಳೆಯಲ್ಲಿಯೂ ಕರಾವಳಿಯ ಉಪ್ಪುಗಾಳಿಯಲ್ಲಿಯೂ ಓಡಾಡುವ ಗಾಡಿಗಳಲ್ಲಿ ಇಂಜಿನಿನಿಂದ ಚೌಕಟ್ಟಿಗೆ ಹೋಗುವ ಹೆಣಿಗೆಯ ತಂತಿಯು ಕೊಳೆತಿರುವುದನ್ನು ವಿಶೇಷವಾಗಿ ನೋಡಬೇಕು.

ಈ ಅಳತೆಗಳಲ್ಲಿ ಯಾವ ದೋಷವೂ ಕಾಣದೆ, ಸೊಲೆನಾಯ್ಡಿನ ಸಣ್ಣ ತಂತಿಗೂ ಪೂರ್ಣ ವೋಲ್ಟೇಜು ಬರುತ್ತಿದ್ದು, ಸ್ಟಾರ್ಟರು ಆದರೂ ತಿರುಗದಿದ್ದರೆ, ಆಗ ಮಾತ್ರ ಸ್ಟಾರ್ಟರೇ ಕೆಟ್ಟಿದೆ ಎಂದು ತೀರ್ಮಾನಿಸಬಹುದು.

ಸ್ಟಾರ್ಟರನ್ನು ಬದಲಾಯಿಸುವ ಕ್ರಮ

ಗಾಡಿಯನ್ನು ಸಮವಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಕೈಬ್ರೇಕು ಹಾಕಿ, ಗಾಲಿಗಳಿಗೆ ಅಡ್ಡಗಟ್ಟೆಗಳನ್ನು ಕೊಡಬೇಕು. ಕೆಳಗಿನಿಂದ ಕೆಲಸ ಮಾಡಬೇಕಾದ ಗಾಡಿಯಾದರೆ ಜ್ಯಾಕಿನಿಂದ ಎತ್ತಿದ ಮೇಲೆ ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಇಳಿಸಿಯೇ ಒಳಗೆ ನುಸುಳಬೇಕು. ಬರೀ ಜ್ಯಾಕನ್ನು ನಂಬಿಯಾಗಲಿ, ಇಟ್ಟಿಗೆ ಅಥವಾ ಟೊಳ್ಳು ಸಿಮೆಂಟು ಕಲ್ಲುಗಳನ್ನು ಪೇರಿಸಿಯಾಗಲಿ ಗಾಡಿಯ ಕೆಳಗೆ ಮಲಗುವುದು ಪ್ರಾಣಕ್ಕೆ ಸಂಚಕಾರ. ಇಂಜಿನು ಪೂರ್ತಿ ತಣ್ಣಗಾಗಿರಬೇಕು. ಹೊಗೆಕೊಳವೆಯು ಅನೇಕ ಗಾಡಿಗಳಲ್ಲಿ ಸ್ಟಾರ್ಟರಿಗೆ ತಾಗಿದಂತೆಯೇ ಇರುತ್ತದೆ.

ಎಲ್ಲಕ್ಕಿಂತ ಮೊದಲು ಬ್ಯಾಟರಿಯ ಋಣಕಂಬದ ತಂತಿಯನ್ನು ಬಿಚ್ಚಿ, ಮತ್ತೆ ತಗುಲದಂತೆ ಬಟ್ಟೆ ಸುತ್ತಿ ಪಕ್ಕಕ್ಕೆ ಇಡತಕ್ಕದ್ದು. ಸ್ಟಾರ್ಟರಿನ ದಪ್ಪ ತಂತಿಯು ಬ್ಯಾಟರಿಯಿಂದ ನೇರವಾಗಿ ಬರುವುದು. ಸಾಮಾನ್ಯವಾಗಿ ಅದರ ನಡುವೆ ಬೀಗವಾಗಲಿ ರಿಲೇಯಾಗಲಿ ಇರುವುದಿಲ್ಲ. ಋಣತಂತಿಯನ್ನು ಬಿಚ್ಚದೆ ಸ್ಪ್ಯಾನರು ಹಾಕಿದರೆ, ಅದು ಕಬ್ಬಿಣಕ್ಕೆ ತಾಗಿದೊಡನೆ ಕಿಡಿಗಳೆದ್ದು ತಂತಿಗಳಿಗೆ ಬೆಂಕಿ ಹತ್ತುವುದು.

ತರುವಾಯ ಮೊಬೈಲಿನಿಂದ ತಂತಿಗಳ ಚಿತ್ರವನ್ನು ತೆಗೆದುಕೊಂಡು, ದಪ್ಪ ತಂತಿಯನ್ನೂ ಸಣ್ಣ ತಂತಿಯನ್ನೂ ಬಿಚ್ಚಬೇಕು. ಸ್ಟಾರ್ಟರನ್ನು ಹಿಡಿದಿರುವ ಬೋಲ್ಟುಗಳು ಬಹುತೇಕ ಎರಡು ಅಥವಾ ಮೂರು. ಕೊನೆಯ ಬೋಲ್ಟನ್ನು ತೆಗೆಯುವಾಗ ಸ್ಟಾರ್ಟರನ್ನು ಕೈಯಿಂದ ಆನಿಸಿಕೊಂಡಿರಬೇಕು. ಅದು ಗಾತ್ರಕ್ಕೆ ಮೀರಿದ ಭಾರದ್ದು. ಬೋಲ್ಟುಗಳ ಉದ್ದವು ಬೇರೆಬೇರೆ ಆಗಿರುವುದುಂಟು, ತೆಳು ತಗಡಿನ ಬಿಲ್ಲೆಗಳು ನಡುವೆ ಇರುವುದುಂಟು. ಯಾವುದು ಎಲ್ಲಿಯದೆಂದು ಗುರುತು ಮಾಡಿ ಇಟ್ಟುಕೊಳ್ಳಬೇಕು.

ಹೊಸ ಸ್ಟಾರ್ಟರನ್ನು ಹಳೆಯದರ ಪಕ್ಕದಲ್ಲಿಟ್ಟು ಹಲ್ಲುಗಳ ಸಂಖ್ಯೆ, ಬೋಲ್ಟಿನ ತೂತುಗಳ ಸ್ಥಾನ, ತಂತಿ ಸೇರುವ ಮೊಳೆಗಳ ದಿಕ್ಕು ಇವು ಒಂದೇ ಆಗಿವೆಯೇ ಎಂದು ನೋಡಬೇಕು. ಒಂದು ಹಲ್ಲು ಹೆಚ್ಚು ಕಡಿಮೆ ಇದ್ದರೂ ಅದು ಆ ಗಾಡಿಗೆ ಸಲ್ಲದು. ಜೋಡಿಸುವಾಗ ಬೋಲ್ಟುಗಳನ್ನು ಮೊದಲು ಬೆರಳಿನಿಂದಲೇ ನಾಲ್ಕಾರು ಸುತ್ತು ಏರಿಸಿ, ಆಮೇಲೆ ಸ್ಪ್ಯಾನರಿನಿಂದ ಸರದಿಯಾಗಿ ಬಿಗಿಯತಕ್ಕದ್ದು. ಸ್ಟಾರ್ಟರು ಕೂಡುವ ಜಾಗದ ಕೊಳೆಯನ್ನೂ ತುಕ್ಕನ್ನೂ ಉಜ್ಜಿ ತೆಗೆಯುವುದನ್ನು ಮರೆಯಬಾರದು. ಏಕೆಂದರೆ ಸಾಮಾನ್ಯವಾಗಿ ವಿದ್ಯುತ್ತು ಹಿಂದಿರುಗುವ ದಾರಿಯು ಆ ಕಬ್ಬಿಣದ ಮೈಯೇ. ತಾಮ್ರದ ಮೊಳೆಯ ನಟ್ಟನ್ನು ಅತಿಯಾಗಿ ಬಿಗಿದರೆ ಮೊಳೆಯೇ ತಿರುಚಿ ಮುರಿಯುವುದು. ರಬ್ಬರಿನ ಟೋಪಿಯನ್ನು ತಿರುಗಿ ಹಾಕಿ, ಎಲ್ಲಾ ಮುಗಿದ ಮೇಲೆ ಕಟ್ಟಕಡೆಗೆ ಋಣತಂತಿಯನ್ನು ಕಂಬಕ್ಕೆ ಸೇರಿಸಬೇಕು.

ಹಳೆಯ ಸ್ಟಾರ್ಟರನ್ನು ಗುಜರಿಗೆ ಎಸೆಯಬಾರದು. ಬ್ರಷ್ಷು, ಬುಷ್ಷು, ಸೊಲೆನಾಯ್ಡುಗಳು ಅನೇಕ ಮಾದರಿಗಳಿಗೆ ಬಿಡಿಯಾಗಿ ದೊರೆಯುತ್ತವೆ. ಮೋಟಾರಿನ ಸುರುಳಿಯು ಸುಡದೆ ಇದ್ದಲ್ಲಿ ತಾಲ್ಲೂಕು ಪಟ್ಟಣದ ಆಟೋ ಎಲೆಕ್ಟ್ರಿಷಿಯನ್ನರು ಹೊಸದರ ಬೆಲೆಯ ಒಂದಂಶಕ್ಕೆ ಅದನ್ನು ಸರಿಪಡಿಸಿಕೊಡಬಲ್ಲರು.

ಪ್ರಾಣಾಪಾಯಕರವಾದ ಒಂದು ಅಭ್ಯಾಸ

ಬೀಗದ ಕೈಯಿಂದ ಸ್ಟಾರ್ಟು ಆಗದಿದ್ದಾಗ, ಟ್ರ್ಯಾಕ್ಟರಿನ ಪಕ್ಕದಲ್ಲಿ ನೆಲದ ಮೇಲೆ ನಿಂತು, ಸ್ಟಾರ್ಟರಿನ ಎರಡು ಮೊಳೆಗಳಿಗೆ ಸ್ಕ್ರೂಡ್ರೈವರನ್ನು ಅಡ್ಡವಾಗಿ ತಾಗಿಸಿ ಹೊರಡಿಸುವ ಪದ್ಧತಿಯು ಹಲವೆಡೆಗಳಲ್ಲಿ ಉಂಟು. ಇದು ಚಾತುರ್ಯವೆಂದು ಕೆಲವರು ಭಾವಿಸುತ್ತಾರೆ. ವಾಸ್ತವವಾಗಿ ಇದರಷ್ಟು ಅಪಾಯಕರವಾದುದು ಬೇರೆ ಇಲ್ಲ. ಗೇರಿನಲ್ಲಿರುವಾಗ ಇಂಜಿನು ತಿರುಗದಂತೆ ತಡೆಯುವುದಕ್ಕಾಗಿಯೇ ಕ್ಲಚ್ಚಿನ ಮತ್ತು ನ್ಯೂಟ್ರಲಿನ ಸ್ವಿಚ್ಚುಗಳನ್ನು ಇಟ್ಟಿರುತ್ತಾರೆ. ಸ್ಕ್ರೂಡ್ರೈವರು ಈ ಕಾವಲನ್ನು ದಾಟಿ ನೇರವಾಗಿ ಮೋಟಾರಿಗೆ ವಿದ್ಯುತ್ತನ್ನು ಕೊಡುತ್ತದೆ. ಟ್ರ್ಯಾಕ್ಟರು ಗೇರಿನಲ್ಲಿದ್ದರೆ ಆ ಕ್ಷಣವೇ ಮುಂದೆ ನುಗ್ಗುತ್ತದೆ. ನಿಂತವನು ಹಿಂದಿನ ದೊಡ್ಡ ಗಾಲಿಯ ಎದುರಿಗೇ ಇರುತ್ತಾನೆ. ಪಕ್ಕಕ್ಕೆ ಹಾರಲು ಅವನಿಗೆ ವೇಳೆ ಇರುವುದಿಲ್ಲ. ಹೀಗೆ ಗಾಲಿಗೆ ಸಿಕ್ಕಿ ಸತ್ತವರು ಟ್ರ್ಯಾಕ್ಟರು ಬಳಸುವ ನಾನಾ ದೇಶಗಳಲ್ಲಿ ಇದ್ದಾರೆ. ಕೆಟ್ಟಿರುವ ಸ್ವಿಚ್ಚನ್ನು ಬದಲಾಯಿಸುವ ಖರ್ಚು ಅತ್ಯಲ್ಪ. ಕಾವಲನ್ನು ತಪ್ಪಿಸಿ ಗಾಡಿ ಹೊರಡಿಸುವ ಆಳನ್ನು ಯಜಮಾನನು ಮೆಚ್ಚದೆ ತಡೆಯತಕ್ಕದ್ದು.

ಸೆನ್ಸಾರುಗಳೆಂದರೇನು

ಹಿಂದಿನ ಗಾಡಿಗಳಲ್ಲಿ ಕಾರ್ಬುರೇಟರು ಎಂಬ ಯಂತ್ರವು ತನ್ನ ಪಾಡಿಗೆ ಎಣ್ಣೆಯನ್ನು ಗಾಳಿಯೊಡನೆ ಬೆರೆಸಿ ಕೊಡುತ್ತಿದ್ದಿತು. ಈಗಿನ ಗಾಡಿಗಳಲ್ಲಿ ಒಂದು ಸಣ್ಣ ಕಂಪ್ಯೂಟರು ಇಂಜಿನಿನ ಸ್ಥಿತಿಯನ್ನು ಕ್ಷಣಕ್ಷಣಕ್ಕೂ ವಿಚಾರಿಸಿ ಇಷ್ಟೇ ಎಣ್ಣೆ, ಇಂಥ ಹೊತ್ತಿಗೇ ಕಿಡಿ ಎಂದು ಅಪ್ಪಣೆ ಕೊಡುತ್ತದೆ. ಈ ಕಂಪ್ಯೂಟರಿಗೆ ಕಣ್ಣು, ಕಿವಿ, ಚರ್ಮಗಳಂತೆ ಇರುವವೇ ಸೆನ್ಸಾರುಗಳು. ಹೊಗೆಯಲ್ಲಿರುವ ಆಮ್ಲಜನಕವನ್ನು ಅಳೆಯುವ ಸೆನ್ಸಾರು ೧೯೭೬ನೆಯ ಇಸವಿಯಲ್ಲಿ ವೋಲ್ವೊ ಗಾಡಿಗಳಲ್ಲಿ ಬಂದಿತು. ಅಮೆರಿಕಾದಲ್ಲಿ ೧೯೯೬ನೆಯ ಮಾದರಿಯಿಂದ ಎಲ್ಲಾ ಹೊಸ ಕಾರುಗಳೂ ತಮ್ಮ ದೋಷವನ್ನು ತಾವೇ ಗುರುತಿಸಿ ಒಂದೇ ಬಗೆಯ ಸಂಕೇತಗಳಲ್ಲಿ ತಿಳಿಸಬೇಕೆಂಬ ಕಾನೂನಾಯಿತು. ಭಾರತದಲ್ಲಿ ೨೦೨೦ನೆಯ ಇಸವಿಯ ಏಪ್ರಿಲ್ ೧ನೆಯ ತಾರೀಖಿನಿಂದ ಭಾರತ್ ಸ್ಟೇಜ್ ೬ರ ನಿಯಮಗಳು ಜಾರಿಗೆ ಬಂದು, ಹೊಸ ಗಾಡಿಗಳಲ್ಲಿ ಸೆನ್ಸಾರುಗಳ ಸಂಖ್ಯೆಯು ಇನ್ನೂ ಹೆಚ್ಚಿರುತ್ತದೆ. ಆದ್ದರಿಂದ ಇವುಗಳ ಪರಿಚಯವಿಲ್ಲದೆ ಗಾಡಿಯನ್ನಿಡುವುದು ಇನ್ನು ಮುಂದೆ ಕಷ್ಟವೇ ಸರಿ.

ಸಂಕೇತವು ಸಾಕ್ಷಿ, ತೀರ್ಪಲ್ಲ

ಮುಂದಿನ ಹಲಗೆಯಲ್ಲಿ ಇಂಜಿನಿನ ಆಕಾರದ ಹಳದಿ ದೀಪವು ಹತ್ತಿ ಉಳಿದರೆ ಕಂಪ್ಯೂಟರು ಒಂದು ದೋಷವನ್ನು ಬರೆದಿಟ್ಟುಕೊಂಡಿದೆ ಎಂದರ್ಥ. ಸ್ಟಿಯರಿಂಗಿನ ಕೆಳಗಿರುವ ಹದಿನಾರು ಕಾಲುಗಳ ಸಾಕೆಟ್ಟಿಗೆ ಸ್ಕ್ಯಾನರು ಎಂಬ ಸಣ್ಣ ಉಪಕರಣವನ್ನು ಸಿಕ್ಕಿಸಿದರೆ ಆ ದೋಷದ ಸಂಕೇತವು ಓದಲು ಬರುತ್ತದೆ. ಪಿ ೦೩೩೫ ಎಂದರೆ ಕ್ರ್ಯಾಂಕಿನ ಸೆನ್ಸಾರಿನ ಜಾಲ. ಪಿ ೦೧೧೭ ಮತ್ತು ಪಿ ೦೧೧೮ ಎಂದರೆ ಇಂಜಿನಿನ ನೀರಿನ ಶಾಖದ ಸೆನ್ಸಾರಿನ ಜಾಲ. ಪಿ ೦೧೭೧ ಎಂದರೆ ಗಾಳಿ ಹೆಚ್ಚು, ಎಣ್ಣೆ ಕಡಿಮೆ.

ಇಲ್ಲಿ ಜಾಲ ಎಂಬ ಪದವನ್ನು ಲಕ್ಷ್ಯದಲ್ಲಿಡಬೇಕು. ಸಂಕೇತವು ಸೆನ್ಸಾರೇ ಕೆಟ್ಟಿದೆ ಎಂದು ಹೇಳುವುದಿಲ್ಲ. ಸೆನ್ಸಾರು, ಅದರ ತಂತಿ, ಅದರ ಕೀಲು ಇವುಗಳಲ್ಲಿ ಎಲ್ಲಿಯೋ ದೋಷವಿದೆ ಎಂದು ಮಾತ್ರ ಹೇಳುತ್ತದೆ. ಹುಲ್ಲಿನ ಬಣವೆಯ ಮಗ್ಗುಲಲ್ಲಿಯೋ ಕಾಳಿನ ಕಣಜದ ಪಕ್ಕದಲ್ಲಿಯೋ ನಿಲ್ಲಿಸುವ ಗಾಡಿಯ ತಂತಿಗಳನ್ನು ಇಲಿಗಳು ಕಡಿಯುವುದು ಬಹು ಸಾಮಾನ್ಯ. ಇಲಿ ಕಡಿದ ತಂತಿಗೆ ಹೊಸ ಸೆನ್ಸಾರನ್ನು ಸೇರಿಸಿದರೆ ದೀಪವು ಆರುವುದಿಲ್ಲ. ಪಿ ೦೧೭೧ ಬಂದಾಗ ಆಮ್ಲಜನಕದ ಸೆನ್ಸಾರನ್ನು ಬದಲಾಯಿಸುವವರೂ ಇದ್ದಾರೆ. ನಿಜವಾಗಿ ಎಲ್ಲಿಯೋ ರಬ್ಬರಿನ ಗಾಳಿಕೊಳವೆಯು ಬಿರಿದು, ಲೆಕ್ಕಕ್ಕೆ ಸಿಕ್ಕದ ಗಾಳಿಯು ಒಳನುಗ್ಗುತ್ತಿರುವುದೇ ಅನೇಕ ಸಲ ಅದಕ್ಕೆ ಕಾರಣವಾಗಿರುತ್ತದೆ. ಆ ಸೆನ್ಸಾರು ಸತ್ಯವನ್ನೇ ನುಡಿದಿರುತ್ತದೆ. ಸತ್ಯ ನುಡಿದ ಸಾಕ್ಷಿಗೇ ದಂಡ ಬೀಳುತ್ತದೆ.

ಮುಖ್ಯವಾದ ಕೆಲವು ಸೆನ್ಸಾರುಗಳು

ಕ್ರ್ಯಾಂಕಿನ ಸೆನ್ಸಾರು: ಇಂಜಿನು ಎಷ್ಟು ವೇಗವಾಗಿ ತಿರುಗುತ್ತಿದೆ, ಪಿಸ್ಟನ್ನು ಎಲ್ಲಿದೆ ಎಂಬುದನ್ನು ತಿಳಿಸುತ್ತದೆ. ಅನೇಕ ಗಾಡಿಗಳಲ್ಲಿ ಇದು ಮಾತಾಡದಿದ್ದರೆ ಕಂಪ್ಯೂಟರು ಎಣ್ಣೆಯನ್ನೂ ಕಿಡಿಯನ್ನೂ ನಿಲ್ಲಿಸಿಬಿಡುತ್ತದೆ. ಸ್ಟಾರ್ಟರು ಚೆನ್ನಾಗಿ ತಿರುಗಿಸುತ್ತಿದ್ದರೂ ಇಂಜಿನು ಹತ್ತುವುದಿಲ್ಲ. ಆ ಹೊತ್ತಿನಲ್ಲಿ ಸುತ್ತುಗಳನ್ನು ತೋರಿಸುವ ಮುಳ್ಳು ಹಲವು ಗಾಡಿಗಳಲ್ಲಿ ಸೊನ್ನೆಯಿಂದ ಅಲುಗದು. ಕಾದಾಗ ಹಠಾತ್ತನೆ ನಿಂತು, ಅರ್ಧ ಗಂಟೆ ಆರಿದ ಮೇಲೆ ಏನೂ ಆಗದಂತೆ ಹೊರಡುವ ಗಾಡಿಯಲ್ಲಿ ಈ ಸೆನ್ಸಾರಿನ ಮೇಲೆ ಸಂದೇಹ ಪಡುವುದು ನ್ಯಾಯ. ಇದು ಸಾಮಾನ್ಯವಾಗಿ ಒಂದೇ ಬೋಲ್ಟಿನಿಂದ ಕುಳಿತಿರುತ್ತದೆ. ತುದಿಗೆ ಅಂಟಿದ ಕಬ್ಬಿಣದ ಪುಡಿಯನ್ನು ಒರೆಸಿದ ಮಾತ್ರಕ್ಕೆ ಸರಿಯಾಗುವುದೂ ಉಂಟು.

ನೀರಿನ ಶಾಖದ ಸೆನ್ಸಾರು: ಕಾದಂತೆಲ್ಲಾ ಇದರ ವಿದ್ಯುತ್ ತಡೆಯು ಇಳಿಯುತ್ತದೆ. ಅನೇಕ ಗಾಡಿಗಳಲ್ಲಿ ೨೦ ಡಿಗ್ರಿಯಲ್ಲಿ ಸುಮಾರು ೨,೫೦೦ ಓಮುಗಳಿದ್ದುದು ೮೦ ಡಿಗ್ರಿಯಲ್ಲಿ ಸುಮಾರು ೩೦೦ ಓಮುಗಳಿಗೆ ಇಳಿಯುವುದು. ತಂತಿ ಕಡಿದರೆ ಇಂಜಿನು ಸೊನ್ನೆಗಿಂತ ೪೦ ಡಿಗ್ರಿ ಕೆಳಗಿದೆ ಎಂದು ಕಂಪ್ಯೂಟರು ಮೋಸಹೋಗಿ ಎಣ್ಣೆಯನ್ನು ಮಿತಿಮೀರಿ ಸುರಿಯುವುದುಂಟು. ಆಗ ಪಿ ೦೧೧೮ ಬರುತ್ತದೆ. ಇದಕ್ಕೆ ಸುಲಭವಾದ ಪರೀಕ್ಷೆಯುಂಟು. ಎರಡು ತಂತಿಗಳ ಸೆನ್ಸಾರಾದರೆ, ಇಂಜಿನನ್ನು ಹೊರಡಿಸದೆ ಬೀಗವನ್ನು ಮಾತ್ರ ತಿರುಗಿಸಿಟ್ಟು, ಕೀಲನ್ನು ಬಿಚ್ಚಿ ಅದರ ಎರಡು ತೂತುಗಳನ್ನು ಸಣ್ಣ ತಂತಿಯಿಂದ ಕೂಡಿಸಬೇಕು. ಸ್ಕ್ಯಾನರಿನಲ್ಲಿ ಶಾಖವು ತಟ್ಟನೆ ಮೇಲಕ್ಕೆ ಹಾರಿದರೆ ತಂತಿಯೂ ಕಂಪ್ಯೂಟರೂ ನೆಟ್ಟಗಿವೆ, ಸೆನ್ಸಾರೇ ಕೆಟ್ಟಿದೆ. ಹಾರದಿದ್ದರೆ ಸೆನ್ಸಾರಿಗೆ ಹಣ ಕೊಡದೆ ತಂತಿಯನ್ನು ಹುಡುಕಬೇಕು.

ಆಮ್ಲಜನಕದ ಸೆನ್ಸಾರು: ಹೊಗೆಕೊಳವೆಗೆ ತಿರುಪಿ ಕೂರಿಸಿರುತ್ತಾರೆ. ಕೆಟ್ಟರೆ ಎಣ್ಣೆಯು ಹೆಚ್ಚು ಖರ್ಚಾಗುತ್ತದೆ, ಹೊಗೆಯನ್ನು ಶುದ್ಧಿಮಾಡುವ ಬೆಲೆಯುಳ್ಳ ಡಬ್ಬಿಯು ಕ್ರಮೇಣ ಹಾಳಾಗುತ್ತದೆ. ತುಕ್ಕಿನಿಂದ ಬಿಗಿದಿರುವುದರಿಂದ ತಂತಿ ಹೋಗಲು ಸೀಳುಳ್ಳ ವಿಶೇಷ ಸಾಕೆಟ್ಟೂ ತುಕ್ಕು ಬಿಡಿಸುವ ಎಣ್ಣೆಯೂ ಬೇಕು. ಹೊಸದರ ತುದಿಯನ್ನು ಕೈಯಿಂದ ಮುಟ್ಟಕೂಡದು. ತಿರುಪಿಗೆ ಹಚ್ಚುವ ಲೇಪವು ತುದಿಗೆ ತಾಗಕೂಡದು.

ಗಾಳಿಯನ್ನು ಅಳೆಯುವ ಸೆನ್ಸಾರು: ಸೂಕ್ಷ್ಮವಾದ ಕಾದ ತಂತಿಯುಳ್ಳದ್ದು. ಹೊಲದ ದಾರಿಯ ಧೂಳಿನಿಂದ ಮುಸುಕಿ ತಪ್ಪು ಲೆಕ್ಕ ಕೊಡುತ್ತದೆ. ಇದಕ್ಕೆಂದೇ ಮಾರುವ ದ್ರವವನ್ನು ಸಿಂಪಡಿಸಿ ಒಣಗಿಸಿದರೆ ಅನೇಕ ಸಲ ಸರಿಹೋಗುವುದು. ಬಟ್ಟೆಯಿಂದ ಒರೆಸಿದರೆ ತಂತಿ ಮುರಿಯುವುದು. ಗಾಳಿಶೋಧಕವನ್ನು ಸಕಾಲಕ್ಕೆ ಬದಲಾಯಿಸುವುದೇ ಇದರ ಉತ್ತಮ ರಕ್ಷಣೆ.

ಸೆನ್ಸಾರುಗಳನ್ನು ಬದಲಾಯಿಸುವಾಗ

ಬೀಗವನ್ನು ಮುಚ್ಚಿ, ಬ್ಯಾಟರಿಯ ಋಣತಂತಿಯನ್ನು ಬಿಚ್ಚಿಯೇ ಕೀಲನ್ನು ತೆಗೆಯಬೇಕು. ಕೀಲಿನ ಕೊಂಡಿಯನ್ನು ಒತ್ತಿ ಎಳೆಯಬೇಕೇ ಹೊರತು ತಂತಿಯನ್ನು ಹಿಡಿದು ಜಗ್ಗಬಾರದು. ರಬ್ಬರಿನ ಬಳೆಗೆ ಒಂದು ತೊಟ್ಟು ಇಂಜಿನ್ ಎಣ್ಣೆ ಸವರಿ ಕೈಯಿಂದ ಒತ್ತಿ ಕೂರಿಸಬೇಕು, ಸುತ್ತಿಗೆಯಿಂದ ಬಡಿಯಕೂಡದು. ನೀರಿನ ಸೆನ್ಸಾರನ್ನು ಇಂಜಿನು ಆರಿದ ಮೇಲೆಯೇ ತೆಗೆಯಬೇಕು, ಕಾದ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆರೆಯಬಾರದು. ಒಳಗಿನ ನೀರು ಚಿಮ್ಮಿ ಮುಖವನ್ನು ಬೇಯಿಸುವುದು. ಕೆಲಸ ಮುಗಿದ ಮೇಲೆ ಸ್ಕ್ಯಾನರಿನಿಂದ ಸಂಕೇತವನ್ನು ಅಳಿಸಿ, ಕೆಲವು ದಿನ ಓಡಿಸಿ, ಅದು ಮರಳಿ ಬರಲಿಲ್ಲವೆಂದು ಖಚಿತಪಡಿಸಿಕೊಳ್ಳತಕ್ಕದ್ದು. ಸಾಮಾನನ್ನು ಕೊಳ್ಳುವಾಗ ಹಳೆಯದರ ಮೈಮೇಲಿನ ಅಂಕಿಯನ್ನು ಹೊಸದರೊಡನೆ ಹೋಲಿಸಿ, ರಸೀದಿ ಪಡೆಯಬೇಕು. ಅಗ್ಗದ ನಕಲಿ ಸೆನ್ಸಾರುಗಳು ಹೊಸದಾಗಿದ್ದೇ ತಪ್ಪು ಹೇಳುವುದರಿಂದ, ದೋಷವನ್ನು ಹುಡುಕುವ ದಾರಿಯನ್ನೇ ಕೆಡಿಸುತ್ತವೆ.

ಮನೆಯಲ್ಲಿ ಮಾಡಕೂಡದ ಕೆಲಸಗಳು

ಇಷ್ಟೆಲ್ಲವೂ ಸ್ವಂತ ಕೈಯಿಂದ ಸಾಧ್ಯವೆಂದ ಮಾತ್ರಕ್ಕೆ ಎಲ್ಲವೂ ಸಾಧ್ಯವೆಂದು ಭಾವಿಸಕೂಡದು. ಈಗಿನ ಡೀಸೆಲ್ ಇಂಜಿನುಗಳ ಎಣ್ಣೆಕೊಳವೆಗಳಲ್ಲಿ ಒತ್ತಡವು ೧,೦೦೦ ಬಾರುಗಳನ್ನು ಮೀರಿರುತ್ತದೆ. ಇಂಜಿನು ಓಡುತ್ತಿರುವಾಗ ಅವುಗಳನ್ನು ಸಡಿಲಿಸಿದರೆ ಎಣ್ಣೆಯ ಎಳೆಯು ಚರ್ಮವನ್ನು ತೂರಿ ಒಳಹೊಕ್ಕು ಕೈಯನ್ನೇ ಕಳೆದುಕೊಳ್ಳುವಂತಾಗುವುದು. ಹೈಬ್ರಿಡ್ ಮತ್ತು ವಿದ್ಯುತ್ ಗಾಡಿಗಳ ಕಿತ್ತಳೆ ಬಣ್ಣದ ತಂತಿಗಳಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜು ಇರುತ್ತದೆ. ಗಾಳಿಚೀಲಗಳ ಹಳದಿ ಕೀಲುಗಳನ್ನು ಮುಟ್ಟಬಾರದು. ಕಂಪನಿಯ ವಾರಂಟಿ ಅವಧಿ ಮುಗಿಯದ ಗಾಡಿಯನ್ನು ಬಿಚ್ಚುವುದಕ್ಕೆ ಮೊದಲು ಅದರ ಷರತ್ತುಗಳನ್ನು ಓದಿಕೊಳ್ಳಬೇಕು.

ಗ್ರಾಮಮುಖಂಡರ ಕರ್ತವ್ಯ

ಮಲ್ಟಿಮೀಟರು, ಸ್ಕ್ಯಾನರು, ಸಾಕೆಟ್ಟುಗಳ ಪೆಟ್ಟಿಗೆ, ಒಂದು ಜೊತೆ ಸ್ಟ್ಯಾಂಡು, ಬ್ಯಾಟರಿಯಿಂದ ಬ್ಯಾಟರಿಗೆ ಸೇರಿಸುವ ದಪ್ಪ ತಂತಿಗಳು: ಇವಿಷ್ಟಿದ್ದರೆ ಒಂದು ಹಳ್ಳಿಗೆ ಸಾಕು. ಪ್ರತಿ ಮನೆಯೂ ಇವನ್ನು ಕೊಳ್ಳಬೇಕಾದ ಅಗತ್ಯವಿಲ್ಲ. ೧೯೦೫ನೆಯ ಇಸವಿಯಲ್ಲಿಯೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಹಕಾರ ಸಂಘವನ್ನು ಕಟ್ಟಿದ ನಾಡಿನಲ್ಲಿ, ಊರಿಗೊಂದು ಉಪಕರಣದ ಪೆಟ್ಟಿಗೆಯನ್ನು ಕೂಡಿ ಕೊಂಡು, ಒಬ್ಬ ಜವಾಬ್ದಾರನ ವಶದಲ್ಲಿಟ್ಟು, ಪುಸ್ತಕದಲ್ಲಿ ಬರೆದು ಕೊಟ್ಟು ತೆಗೆದುಕೊಳ್ಳುವುದು ಕಷ್ಟವಲ್ಲ. ಊರಿನ ಇಬ್ಬರು ಮೂವರು ಚುರುಕಾದ ಹುಡುಗರಿಗೆ ಮೀಟರು ಹಿಡಿಯುವುದನ್ನು ಕಲಿಸಿದರೆ ಪೆಟ್ಟಿಗೆಯು ಮೂಲೆಯಲ್ಲಿ ಕೊಳೆಯದೆ ಉಪಯೋಗಕ್ಕೆ ಬರುತ್ತದೆ.

ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು ಎಂದು ಹಿರಿಯರು ಹೇಳಿದ್ದು ನೇಗಿಲಿಗೆ ಮಾತ್ರವಲ್ಲ. ಹೊಸ ಸಾಮಾನಿಗೆ ಹಣ ತೆಗೆಯುವುದಕ್ಕೆ ಮೊದಲು ಅರ್ಧ ಗಂಟೆ ಮೀಟರು ಹಿಡಿದು ಕಾರಣವನ್ನು ಹುಡುಕುವ ಯಜಮಾನನ ಗಾಡಿಯು, ಊರಿಗೆ ಬೇಕಾದ ಅಪರಾತ್ರಿಯಲ್ಲಿ ಹೊರಡುತ್ತದೆ.